ಒಂದು ಸ್ಲ್ಯಾಬ್, ಎಷ್ಟು ಇಂಗಾಲ? 44 ಮತ್ತು 56ರ ಗೊಂದಲ

"ಅವಸರದ ನಗರ ನಿರ್ಮಾಣದ ಪರಿಸರ ವೆಚ್ಚ" ಎಂದು ಪ್ರಶ್ನೆ ಬಂದರೆ ಹೆಚ್ಚಿನವರು ಕಡಿದ ಮರ, ಮುಚ್ಚಿದ ಕೆರೆ ಬರೆದು ಮುಗಿಸುತ್ತಾರೆ. ಲೆಕ್ಕ ಕೇಳಿದರೆ ಮಾತ್ರ ಪೆನ್ನು ನಿಲ್ಲುತ್ತದೆ. ಅದಕ್ಕೆ ಇಲ್ಲಿ ಒಂದೇ ಒಂದು ಸ್ಲ್ಯಾಬ್ ತೆಗೆದುಕೊಂಡಿದೆ: ಬೆಳಗಾವಿಯ ಯಾವುದೇ ಹೊಸ ಲೇಔಟ್‌ನಲ್ಲಿ ಕಾಣುವ 1000 ಚದರಡಿ, 5 ಇಂಚು ದಪ್ಪ, ಎಂ20 ಕಾಂಕ್ರೀಟ್.

92.9 ಚದರ ಮೀಟರ್ × 0.125 ಮೀಟರ್ = 11.6 ಘನ ಮೀಟರ್. ಎಂ20 ಅಂದರೆ 1:1.5:3, ಒಂದು ಬುಟ್ಟಿ ಸಿಮೆಂಟ್‌ಗೆ ಒಂದೂವರೆ ಬುಟ್ಟಿ ಉಸುಕು, ಮೂರು ಬುಟ್ಟಿ ಖಡಿ. ಒಣ ಗಾತ್ರಕ್ಕೆ 1.54ರಿಂದ ಗುಣಿಸಿ, ಪಾಲುಗಳ ಮೊತ್ತ 5.5ರಿಂದ ಭಾಗಿಸಿ, ಒಂದು ಘನ ಮೀಟರ್ ಸಿಮೆಂಟಿನ ತೂಕ 1440 ಕೆಜಿಯಿಂದ ಗುಣಿಸಿದರೆ ಘನ ಮೀಟರಿಗೆ 403 ಕೆಜಿ, ಅಂದರೆ 8 ಚೀಲ. ಇಡೀ ಸ್ಲ್ಯಾಬ್‌ಗೆ 94 ಚೀಲ, 4.7 ಟನ್. ಇಲ್ಲಿಯವರೆಗೆ ಯಾರಿಗೂ ತೊಂದರೆಯಿಲ್ಲ.

44 ಯಾವುದರ ಮೇಲೆ?

ಎಲ್ಲರೂ ಮುಗ್ಗರಿಸುವ ಜಾಗ ಇದು. ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಬಾಗಲಕೋಟೆ, ಮುದ್ದಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೇ ಕಲಾದಗಿ ಶಿಲಾಸ್ತರದ ಈ ಕಲ್ಲಿಗಾಗಿ. 100 ಕೆಜಿ ಶುದ್ಧ ಕಲ್ಲು ಸುಟ್ಟರೆ 56 ಕೆಜಿ ಸುಣ್ಣ (ಕ್ಯಾಲ್ಸಿಯಂ ಆಕ್ಸೈಡ್) ಉಳಿಯುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಈ 44 ತಲೆಯಲ್ಲಿ ಕೂತುಬಿಡುತ್ತದೆ. ಕಲ್ಲನ್ನು ಜೇಡಿಮಣ್ಣಿನ ಜೊತೆ ಕುಲುಮೆಯಲ್ಲಿ ಸುಟ್ಟಾಗ ಬರುವ ಗಟ್ಟಿ ಉಂಡೆಯೇ ಕ್ಲಿಂಕರ್, ಅದನ್ನು ಪುಡಿ ಮಾಡಿದರೆ ಸಿಮೆಂಟ್. ಕ್ಲಿಂಕರ್‌ನಲ್ಲಿ ಸುಣ್ಣ ಸುಮಾರು ಶೇ 65 ಎಂದು ಕೊಟ್ಟ ತಕ್ಷಣ ಕೈ ತಾನಾಗಿ 0.65 × 0.44 = 0.286 ಎಂದು ಬರೆಯುತ್ತದೆ. ತಪ್ಪು. ನಿಜವಾದ ಉತ್ತರದ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ.

ಮುಧೋಳದ ಆಲೆಮನೆ ನೆನಪಿಸಿಕೊಳ್ಳಿ. 10 ಕೆಜಿ ಕಬ್ಬಿನ ಹಾಲು ಕಾಯಿಸಿದರೆ 1 ಕೆಜಿ ಬೆಲ್ಲ ಬಂತು ಎಂದಿಟ್ಟುಕೊಳ್ಳಿ. ಆವಿಯಾಗಿದ್ದು 9 ಕೆಜಿ. ಹಾಲಿನ ಲೆಕ್ಕದಲ್ಲಿ ಕೆಜಿಗೆ 0.9, ಬೆಲ್ಲದ ಲೆಕ್ಕದಲ್ಲಿ ಕೆಜಿಗೆ 9. ಆವಿ ಅದೇ, ಭಾಗಿಸುವ ಸಂಖ್ಯೆ ಬೇರೆ. ಕಲ್ಲು ಅಂದರೆ ಹಾಲು, ಕ್ಲಿಂಕರ್‌ನೊಳಗಿನ ಸುಣ್ಣ ಅಂದರೆ ಬೆಲ್ಲ. ನಮ್ಮ ಕೈಗೆ ಬರುವುದು ಬೆಲ್ಲ. ಹಾಗಾಗಿ 44ನ್ನು 100ರಿಂದಲ್ಲ, 56ರಿಂದ ಭಾಗಿಸಬೇಕು.

0.65 × 44/56 = 0.51. ಒಂದು ಟನ್ ಕ್ಲಿಂಕರ್‌ಗೆ 0.51 ಟನ್.

ನಂಬಿಕೆ ಬರದಿದ್ದರೆ ಹಿಂದಿನಿಂದ ಬನ್ನಿ. 1 ಟನ್ ಕ್ಲಿಂಕರ್‌ನಲ್ಲಿ 650 ಕೆಜಿ ಸುಣ್ಣ. ಅಷ್ಟು ಸುಣ್ಣಕ್ಕೆ ಸುಟ್ಟ ಕಲ್ಲು 650 ÷ 0.56 = 1161 ಕೆಜಿ. ಅದರ ಶೇ 44 ಅಂದರೆ 511 ಕೆಜಿ. ಕೂಡಿ ಬಂತು. ಪರೀಕ್ಷೆಯಲ್ಲಿ ಈ ಹಿಮ್ಮುಖ ದಾರಿಯೇ ವಾಸಿ, ಇದರಲ್ಲಿ ತಪ್ಪಲು ಜಾಗವಿಲ್ಲ.

ಇದು ಕಲ್ಲಿನೊಳಗಿನ ಅನಿಲ ಮಾತ್ರ. ಕುಲುಮೆಯನ್ನು ಬಿಸಿಲಿನಿಂದಲೇ ಕಾಯಿಸಿದರೂ ಈ 0.51 ಬಂದೇ ಬರುತ್ತದೆ. ಕಲ್ಲಿದ್ದಲಿನ ಹೊಗೆಗೆ ಇನ್ನೂ ಸುಮಾರು 0.30 ಸೇರಿಸಿ, ಒಟ್ಟು 0.81.

ಓಪಿಸಿ (ಬೂದಿ ಬೆರೆಸದ ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್‌ನಲ್ಲಿ ಕ್ಲಿಂಕರ್ ಶೇ 95 ಹಿಡಿದರೆ 4.7 × 0.95 × 0.81 = 3.6 ಟನ್. ಶೇ 30 ಹಾರುಬೂದಿ (ಕಲ್ಲಿದ್ದಲು ಉರಿದಾಗ ಬರುವ ನುಣ್ಣನೆ ಬೂದಿ) ಬೆರೆಸಿದ ಪಿಪಿಸಿ ಸಿಮೆಂಟಿನಲ್ಲಿ ಕ್ಲಿಂಕರ್ ಶೇ 65, ಉತ್ತರ 2.5 ಟನ್. ಒಂದೇ ಸ್ಲ್ಯಾಬ್‌ನಲ್ಲಿ 1.1 ಟನ್ ವ್ಯತ್ಯಾಸ. ಕಂಬಿಯ ಲೆಕ್ಕ ಬೇರೆ: ಟನ್ ಉಕ್ಕಿಗೆ ಸುಮಾರು 2.5 ಟನ್.

ಅವಸರ ಎಲ್ಲಿ ಸೇರಿಕೊಳ್ಳುತ್ತದೆ

ಬೂದಿಗೇನೂ ಬರವಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲೇ 2400 ಮೆಗಾವಾಟ್ ಶಾಖೋತ್ಪನ್ನ ಸ್ಥಾವರವಿದೆ. ಬೂದಿಯ ತೊಡಕು ಅದರ ನಿಧಾನ. ಅದು ನೀರಿನೊಂದಿಗೆ ತಾನೇ ಗಟ್ಟಿಯಾಗುವುದಿಲ್ಲ. ಮೊದಲು ಸಿಮೆಂಟ್ ಗಟ್ಟಿಯಾಗಬೇಕು, ಆಗ ಹೊರಬರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಬೂದಿ ಕೂಡಬೇಕು. ಮೊದಲ ವಾರ ಬಲ ಕಡಿಮೆ, ಕೊನೆಗೆ ಕೊರತೆಯಿಲ್ಲ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಓಪಿಸಿಯಲ್ಲೇ 4.5 ಮೀಟರ್ ಒಳಗಿನ ಹರವಿನ ಸ್ಲ್ಯಾಬ್‌ಗೆ 7 ದಿನ, ಮೇಲ್ಪಟ್ಟರೆ 14 ದಿನ ಆನಿಕೆ (ಕೆಳಗೆ ಕೊಟ್ಟ ಆಧಾರದ ಕಂಬ) ತೆಗೆಯುವಂತಿಲ್ಲ. 6 ಮೀಟರ್ ದಾಟಿದ ಬೀಮ್‌ಗೆ 21 ದಿನ. ಸೆಂಟ್ರಿಂಗ್ ಸಾಮಾನಿಗೆ ದಿನದ ಬಾಡಿಗೆ ಓಡುತ್ತಿರುತ್ತದೆ. ಆದ್ದರಿಂದ ಪಿಪಿಸಿ ಬಿಟ್ಟು ಓಪಿಸಿ 53 (ಹೆಚ್ಚು ಬಲದ ದರ್ಜೆ), ಅದೂ ಸಾಲದೆ ಘನ ಮೀಟರಿಗೆ ಒಂದು ಚೀಲ ಹೆಚ್ಚು. ಆ ಒಂದೊಂದು ಚೀಲ ಇಡೀ ಸ್ಲ್ಯಾಬ್‌ಗೆ 580 ಕೆಜಿ ಸಿಮೆಂಟ್, ಸುಮಾರು 450 ಕೆಜಿ ಇಂಗಾಲದ ಡೈಆಕ್ಸೈಡ್. ಬಲಕ್ಕೆ ಬೇಕಿಲ್ಲದ ಸಿಮೆಂಟ್ ಇದು, ಕ್ಯಾಲೆಂಡರ್‌ಗೆ ಬೇಕಾದದ್ದು. ಮೇಲಾಗಿ ಸಿಮೆಂಟ್ ಹೆಚ್ಚಾದಷ್ಟೂ ಶಾಖ ಹೆಚ್ಚು, ಕುಗ್ಗುವಿಕೆ ಹೆಚ್ಚು, ಬಿರುಕು ಹೆಚ್ಚು.

ಕ್ಯೂರಿಂಗ್ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವುದು): ಓಪಿಸಿಗೆ ಕನಿಷ್ಠ 7 ದಿನ, ಒಣ ಬಿಸಿಲಿನಲ್ಲಿ 10, ಬೂದಿ ಬೆರೆತಿದ್ದರೆ 14ರವರೆಗೆ. ವಿಜಯಪುರದ ಏಪ್ರಿಲ್ ಅಂದರೆ ಒಣ ಬಿಸಿಲೇ. ಮಡಿ ಕಟ್ಟಿ 2 ಇಂಚು ನೀರು ನಿಲ್ಲಿಸಿದರೆ ಒಂದು ಸಲಕ್ಕೆ ಸುಮಾರು 4,700 ಲೀಟರ್. ಗೋಣಿತಟ್ಟು ನೆನೆಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ.

ಗೋಲಗುಮ್ಮಟದ ಗಾರೆ

1656ರ ಹೊತ್ತಿನ ಆ ಸುಣ್ಣದ ಗಾರೆಯ ಇಂಗಾಲ ಸೊನ್ನೆ ಎಂದು ಬರೆಯಬೇಡಿ. ಸುಣ್ಣ ಗಟ್ಟಿಯಾಗುವುದೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅಂದರೆ ಆ 44 ನಿಧಾನವಾಗಿ ಮರಳುತ್ತದೆ. ಗೂಡಿನಲ್ಲಿ ಉರಿದ ಸೌದೆಯ ಹೊಗೆ ಹಾಗೆ ಮರಳುವುದಿಲ್ಲ. ಕಾಂಕ್ರೀಟ್ ಕೂಡ ಹೀರುತ್ತದೆ, ಬಹಳ ತಡವಾಗಿ. ಆದರೆ ಅದು ಒಳಗಿನ ಕಂಬಿವರೆಗೆ ತಲುಪಿದರೆ ತುಕ್ಕು ಶುರು.

ಕೊನೆಗೆ ಆಯಸ್ಸಿನ ಭಾಗಾಕಾರ. 3.6 ಟನ್ನನ್ನು 60 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 60 ಕೆಜಿ. ರಸ್ತೆ ಅಗಲೀಕರಣಕ್ಕೆಂದು 15ನೇ ವರ್ಷಕ್ಕೇ ಒಡೆದರೆ 240 ಕೆಜಿ. ಒಡೆದ ಸ್ಲ್ಯಾಬ್‌ನ ತೂಕ 11.6 × 2.5 = 29 ಟನ್, 10 ಟನ್ ಹೊರುವ ಟಿಪ್ಪರ್ ಆದರೆ ಮೂರು ಟ್ರಿಪ್. ಅದರ ಡೀಸೆಲ್ ಈ ಲೆಕ್ಕದಲ್ಲಿ ಸೇರಿಲ್ಲ.