30 ಅಡಿ ಪೈಪಿಗೆ ಗೈ ತಂತಿ ಬೇಕೇ ಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ಹ್ಯಾಮ್ (ಹವ್ಯಾಸಿ) ರೇಡಿಯೋ ಆಂಟೆನಾಗಳಿಗಾಗಿ ತಾರಸಿ ಮೇಲೆ ಎರಡಿಂಚಿನ ಜಿಐ ಪೈಪನ್ನು 30 ಅಡಿ ಎತ್ತರಕ್ಕೆ ನಿಲ್ಲಿಸಿ, ತುದಿಗೆ 2 ಮೀಟರ್ ಬ್ಯಾಂಡಿನ ಸಣ್ಣ ಯಾಗಿ (ಹಳೆಯ ಟಿವಿ ಆಂಟೆನಾ ಥರದ್ದು), ಅದರ ಕೆಳಗೆ 40 ಮೀಟರ್ ಬ್ಯಾಂಡಿಗೆ ಇನ್ವರ್ಟೆಡ್ ವಿ (ಕಂಬದಿಂದ ಎರಡು ಕಡೆಗೆ ಇಳಿಜಾರಾಗಿ ಕಟ್ಟುವ ತಂತಿ ಆಂಟೆನಾ) ಹಾಕಬೇಕು ಅಂತಿದ್ದೇನೆ. ಬುಡವನ್ನು ಗಟ್ಟಿಯಾಗಿ ಕ್ಲಾಂಪ್ ಮಾಡಿದರೆ ಸಾಲದೇ? ಕಂಬವನ್ನು ಸುತ್ತಲಿಂದ ಎಳೆದು ಹಿಡಿಯುವ ಗೈ ತಂತಿ ಬೇಕೇ ಬೇಕಾ?

ಬೇಕೇ ಬೇಕು. ಹೊಸದಾಗಿ ಹ್ಯಾಮ್ ಲೈಸೆನ್ಸ್ ಪಡೆದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಪೈಪ್ ಕೈಗೆ ಅಷ್ಟು ಗಟ್ಟಿ ಅನಿಸುತ್ತದೆ, ಬಾಗೋದಾದರೂ ಹೇಗೆ ಅಂತ ಅನುಮಾನ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಐಎಸ್ 875 ಅಂತ ಒಂದು ಭಾರತೀಯ ಮಾನಕ ಇದೆ. ಅದರ ಪ್ರಕಾರ ಬೆಂಗಳೂರಿಗೆ ಹಿಡಿಯಬೇಕಾದ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಗಂಟೆಗೆ ಹೆಚ್ಚುಕಡಿಮೆ 120 ಕಿಲೋಮೀಟರ್. ಈ ಗಾಳಿ 30 ಅಡಿ ಪೈಪನ್ನು ಸುಮಾರು 40 ಕೆಜಿ ಬಲದಿಂದ ತಳ್ಳುತ್ತದೆ. ತುದಿಯ ಯಾಗಿ ಇನ್ನೊಂದು ಏಳೆಂಟು ಕೆಜಿ ಸೇರಿಸುತ್ತದೆ. ಕೇಳೋಕೆ ಕಡಿಮೆ ಅಲ್ವಾ? ಆದರೆ ಬುಡ ಮಾತ್ರ ಹಿಡಿದಿದ್ದರೆ ಈ ಎಲ್ಲ ಬಲವೂ ಉದ್ದದ ಹಾರೆಯಿಂದ ಮೀಟಿದ ಹಾಗೆ ಬುಡದ ಮೇಲೇ ಬೀಳುತ್ತದೆ. ಪೈಪ್ ಅಲ್ಲೇ ಮಡಚಿಕೊಳ್ಳುತ್ತದೆ. ಕ್ಲಾಂಪ್ ಎಷ್ಟು ಗಟ್ಟಿ ಇದ್ದರೂ ಪೈಪ್ ತಡೆಯೋದಿಲ್ಲ.

ಇನ್ನೊಂದು ವಿಷಯ. ಜಿಐ ಪೈಪ್ ಅಂಗಡಿಯಲ್ಲಿ 20 ಅಡಿ ಉದ್ದಕ್ಕೆ ಸಿಗುತ್ತದೆ. 30 ಅಡಿ ಬೇಕು ಅಂದರೆ ಥ್ರೆಡ್ ಹಾಕಿಸಿ ಸಾಕೆಟ್ ಜೋಡಿಸಲೇಬೇಕು. ಥ್ರೆಡ್ ಕೊರೆದ ಕಡೆ ಪೈಪಿನ ದಪ್ಪ ಕಡಿಮೆಯಾಗುತ್ತದೆ, ಮುರಿಯೋದೂ ಅಲ್ಲೇ. ಹಾಗಾಗಿ ಉದ್ದ ತುಂಡು ಕೆಳಗಿರಲಿ, 10 ಅಡಿ ತುಂಡು ಮೇಲಿರಲಿ. ಗೈ ತಂತಿಗಳನ್ನು ಕಟ್ಟುವ ರಿಂಗನ್ನು ಸಾಕೆಟ್ಟಿಗೆ ಒತ್ತಿಕೊಂಡಂತೆ, ಅದರ ಮೇಲ್ಗಡೆ ಕೂರಿಸಿ. ಆಗ ಗೈ ಬರೋದು 20 ಅಡಿ ಎತ್ತರದಲ್ಲಿ. ಮೇಲೆ ಉಳಿದ 10 ಅಡಿ ಸಣ್ಣ ಯಾಗಿಯನ್ನು ಆರಾಮಾಗಿ ಹೊರುತ್ತದೆ.

"ಇನ್ವರ್ಟೆಡ್ ವಿ ತಂತಿಗಳೇ ಗೈ ಆಗಲ್ವಾ?" ಅಂತಲೂ ಕೆಲವರು ಕೇಳುತ್ತಾರೆ. ಆಗಲ್ಲ. ಅವು ಎಳೆಯೋದು ಎರಡೇ ದಿಕ್ಕಿಗೆ. ಅಡ್ಡಗಾಳಿ ಬಂದರೆ ಹಿಡಿಯೋರು ಯಾರೂ ಇಲ್ಲ. ಕನಿಷ್ಠ ಮೂರು ಗೈ ಬೇಕು. ನಿಮ್ಮ ತಾರಸಿಗೆ ನಾಲ್ಕು ಒಳ್ಳೆಯದು, ನಾಲ್ಕು ಮೂಲೆ ಹೇಗೂ ಇವೆಯಲ್ಲ.

ತಂತಿಯನ್ನು ಎಲ್ಲಿಗೆ ಕಟ್ಟುತ್ತೀರಿ ಅನ್ನೋದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಸುತ್ತ ಜಾಗ ಬಿಟ್ಟು ಕಟ್ಟಿದ ಮೇಲೆ ತಾರಸಿ 24x32 ಅಡಿ ಉಳಿದಿದೆ ಅಂತ ಇಟ್ಟುಕೊಳ್ಳಿ. ನಡುವಿನಿಂದ ಮೂಲೆಗೆ ಸರಿಯಾಗಿ 20 ಅಡಿ. ಗೈ ಎತ್ತರವೂ 20 ಅಡಿ, ಅಂದರೆ 45 ಡಿಗ್ರಿ ಕೋನ. ಇದಕ್ಕಿಂತ ಒಳ್ಳೆಯ ಕೋನ ಬೇಡ. ಅದೇ ಗಾಳಿಗೆ ಒಂದು ತಂತಿಯ ಮೇಲೆ 60 ಕೆಜಿಗೂ ಸ್ವಲ್ಪ ಜಾಸ್ತಿ ಎಳೆತ ಬರುತ್ತದೆ. ಬಟ್ಟೆ ಒಣಹಾಕೋಕೆ ಅಡ್ಡ ಬರುತ್ತದೆ ಅಂತ ತಂತಿಯನ್ನು ಕಂಬದಿಂದ 7 ಅಡಿಗೇ ಕಟ್ಟಿದರೆ ಎಳೆತ 130 ಕೆಜಿ ದಾಟುತ್ತದೆ. ಪೈಪನ್ನು ಕೆಳಕ್ಕೆ ಒತ್ತುವ ಬಲವೂ ಜಾಸ್ತಿಯಾಗುತ್ತದೆ.

ದಯವಿಟ್ಟು ಪ್ಯಾರಪೆಟ್ ಗೋಡೆಗೆ ಕಟ್ಟಬೇಡಿ. ನಾಲ್ಕಿಂಚಿನ ಇಟ್ಟಿಗೆ ಗೋಡೆ ಈ ಎಳೆತಕ್ಕೆ ಕಟ್ಟಿದ್ದಲ್ಲ. ಕಿತ್ತು ಬಂದರೆ ಕಂಬದ ಜೊತೆ ಇಟ್ಟಿಗೆಯೂ ರಸ್ತೆಗೆ ಬೀಳುತ್ತದೆ. ಮುಂದೆ ಇನ್ನೊಂದು ಮಹಡಿ ಕಟ್ಟೋಣ ಅಂತ ಮೂಲೆ ಪಿಲ್ಲರುಗಳ ಕಂಬಿ ಮೇಲಕ್ಕೆ ಬಿಟ್ಟಿರುತ್ತಾರಲ್ಲ, ಅದು ನಮಗೆ ವರ. ಒಂದೇ ಕಂಬಿಗೆ ಸಿಕ್ಕಿಸದೆ ಎಲ್ಲವನ್ನೂ ಸೇರಿಸಿ ಬುಡದಲ್ಲೇ ಸುತ್ತು ಹಾಕಿ. ಮೊದಲು ತುಕ್ಕು ಕೆರೆದು ನೋಡಿ. ಪದರ ಪದರವಾಗಿ ಉದುರಿ ಕಂಬಿ ಸಣ್ಣಗಾಗಿದ್ದರೆ ಅದನ್ನು ಬಿಟ್ಟು, ಪಿಲ್ಲರಿನ ಕಾಂಕ್ರೀಟಿಗೇ ಆಂಕರ್ ಬೋಲ್ಟ್ ಹಾಕಿಸಿ. ಸ್ಲಾಬಿಗೆ ಮಾತ್ರ ತೂತು ಕೊರೆಯಬೇಡಿ, ಮಳೆಗಾಲದಲ್ಲಿ ಸೋರುತ್ತದೆ.

ತಂತಿಗೆ 4 ಮಿಲಿಮೀಟರ್ ಜಿಐ ವೈರ್ ರೋಪ್ ಸಾಕು. ತುದಿ ಮಡಿಸುವಲ್ಲಿ ಥಿಂಬಲ್ (ತಂತಿ ಸವೆಯದಂತೆ ಕುಣಿಕೆಯೊಳಗೆ ಕೂರಿಸುವ ಲೋಹದ ಬಳೆ) ಇರಲಿ, ಪ್ರತಿ ಮಡಿಕೆಗೆ ಮೂರು ಕ್ಲಾಂಪ್ ಹಾಕಿ. ಕ್ಲಾಂಪಿನ ಯು ಭಾಗ ಮಡಿಸಿದ ಗಿಡ್ಡ ತುದಿಯ ಕಡೆಗೇ ಬರಬೇಕು. ತಿರುವಿ ಹಾಕಿದರೆ ಅದು ಭಾರ ಹೊರುವ ತಂತಿಯನ್ನೇ ಕಚ್ಚುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಬಟ್ಟೆ ಒಣಗಿಸೋ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಎರಡೂ ಬೇಡ.

ಇಲ್ಲಿ ಗೈ ತಂತಿಯ ಉದ್ದ ಸುಮಾರು 8.5 ಮೀಟರ್. ಇದು ಹ್ಯಾಮ್ ರೇಡಿಯೋದ ಇನ್ನೊಂದು ಬ್ಯಾಂಡಾದ 17 ಮೀಟರಿನ ಅರ್ಧ ಅಲೆಯುದ್ದಕ್ಕೆ ತೀರಾ ಹತ್ತಿರ. ಹಾಗೇ ಬಿಟ್ಟರೆ ಗೈ ಕೂಡ ಆಂಟೆನಾ ಆಗಿಬಿಡುತ್ತದೆ. ಕರೆಂಟ್ ಕಂಬದ ಸ್ಟೇ ವೈರಿನಲ್ಲಿ ಮೊಟ್ಟೆ ಆಕಾರದ ಪಿಂಗಾಣಿ ನೋಡಿರುತ್ತೀರಿ. ಅಂಥದ್ದನ್ನು ನಡುವೆ ಹಾಕಿ ತಂತಿಯನ್ನು ಬೇರೆ ಬೇರೆ ಅಳತೆಯ ತುಂಡು ಮಾಡಿ. ಅದರಲ್ಲಿ ಎರಡು ಕುಣಿಕೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಪಿಂಗಾಣಿ ಒಡೆದರೂ ತಂತಿ ಬಿಟ್ಟುಕೊಳ್ಳೋದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ತಾರಸಿ ಅಂಚಿಗೆ ಹೋಗಿ ಕೆಳಗೆ ನೋಡಿ. ನಡುವೆ ನಿಂತ 30 ಅಡಿ ಕಂಬ ಅಡ್ಡಕ್ಕೆ ಬಿದ್ದರೆ ಅಂಚಿನಿಂದ 18 ಅಡಿ ಆಚೆ ಚಾಚುತ್ತದೆ, ಯಾಗಿ ಇನ್ನೂ ಸ್ವಲ್ಪ ಮುಂದೆ. ಆ ಅಳತೆಯೊಳಗೆ ಕರೆಂಟ್ ಲೈನ್ ಇದ್ದರೆ ಕಂಬ ಗಿಡ್ಡ ಮಾಡಿ, ಇಲ್ಲವೇ ಜಾಗ ಬದಲಿಸಿ. ಗೈ ಇದೆ, ಬೀಳಲ್ಲ ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ಎತ್ತುವಾಗಲೂ ಇಳಿಸುವಾಗಲೂ ಕಂಬ ಗೈ ಇಲ್ಲದೆ ತೂಗಾಡುವ ಹೊತ್ತು ಇದ್ದೇ ಇರುತ್ತದೆ. ಜೀವ ಹೋಗೋದು ಆಗಲೇ.

ಸಿಡಿಲಿಗೆ ಪೈಪಿನ ಬುಡದಿಂದ ತಾಮ್ರದ ಪಟ್ಟಿಯನ್ನು ನೇರ ನೆಲದ ಅರ್ಥ್ ರಾಡಿಗೆ ಇಳಿಸಿ, ಆ ರಾಡನ್ನು ಮನೆಯ ಅರ್ಥಿಂಗಿಗೂ ಸೇರಿಸಿ. ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್ಲಿನಲ್ಲಿ ಜಿಪುಣತನ ಬೇಡ: 2 ಮೀಟರ್ ಬ್ಯಾಂಡಿನ 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಉದ್ದದ ತೆಳು ಕೇಬಲ್ ಆರ್‌ಜಿ-58 ಹಾಕಿದರೆ ನಿಮ್ಮ ಪವರಿನ ಕಾಲು ಭಾಗ ಮಾತ್ರ ಮೇಲೆ ತಲುಪುತ್ತದೆ. ಆರ್‌ಜಿ-213 ಆದರೆ ಅರ್ಧಕ್ಕಿಂತ ಜಾಸ್ತಿ.

ಗಾಳಿ ಇಲ್ಲದ ಬೆಳಗ್ಗೆ, ನಾಲ್ಕೈದು ಜನ ಸೇರಿ ಎತ್ತಿ. ಟರ್ನ್‌ಬಕಲ್‌ಗಳನ್ನು (ಗೈ ತಂತಿ ಬಿಗಿ ಮಾಡುವ ತಿರುಪು) ಎದುರುಬದುರು ಜೋಡಿಯಾಗಿ ಬಿಗಿ ಮಾಡಿ, ಬಿಚ್ಚಿಕೊಳ್ಳದ ಹಾಗೆ ಪ್ರತಿಯೊಂದರ ನಡುಭಾಗದಲ್ಲಿ ಒಂದು ತುಂಡು ತಂತಿ ತೂರಿಸಿ ಕಟ್ಟಿ. ಮೊದಲ ಜೋರು ಗಾಳಿ-ಮಳೆ ಆದ ಮೇಲೆ ಮತ್ತೆ ಹೋಗಿ ನೋಡಿ. ಹೊಸ ವೈರ್ ರೋಪ್ ಸ್ವಲ್ಪ ಸಡಿಲ ಆಗಿರುತ್ತದೆ, ಕ್ಲಾಂಪಿನ ನಟ್ಟುಗಳನ್ನೂ ಆಗಲೇ ಇನ್ನೊಮ್ಮೆ ಬಿಗಿ ಮಾಡಬೇಕು.