ದೋಣಿಯ ತಳದ ತೂತು

ದೋಣಿಗೆ ತೂತು ಬೀಳದಂತೆ ನೋಡಿಕೊಳ್ಳುವುದೇ ದೋಣಿ ಇಟ್ಟುಕೊಂಡವರ ಮೊದಲ ಕಾಳಜಿ. ಹಾಗಿದ್ದೂ ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಗೆ, ಇಲ್ಲವೇ ಕೆಸರು ತೊಳೆಯುವ ಪಂಪಿಗೆ ನೀರು ಬೇಕಾದಾಗ ನಾವೇ ಡ್ರಿಲ್ ಹಿಡಿದು ಕೂರುತ್ತೇವೆ. ಸಣ್ಣ ಅಲ್ಯೂಮಿನಿಯಂ ದೋಣಿಯ ತಗಡು ಎರಡು ಮೂರು ಮಿಲಿಮೀಟರ್ ದಪ್ಪ ಇದ್ದೀತು. ಕೊರೆಯಲು ಐದು ನಿಮಿಷ ಸಾಕು. ಎಲ್ಲಿ ಕೊರೆಯಬೇಕು ಎಂದು ತೀರ್ಮಾನಿಸಲು ಮಾತ್ರ ಇಡೀ ದಿನ ತೆಗೆದುಕೊಂಡರೂ ನಷ್ಟವಿಲ್ಲ.

ದೋಣಿಯ ಹಿಂದಿನ ನೇರ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಇಲ್ಲಿ ಹಿಂಗೋಡೆ ಎಂದು ಕರೆಯೋಣ. ದೋಣಿ ನಿಂತಿರುವಾಗ ಹಿಂಗೋಡೆಯ ಕೆಳಭಾಗ ನೀರಿನಲ್ಲಿ ಮುಳುಗಿರುತ್ತದೆ. ಅಲ್ಲೊಂದು ತೂತು ಮಾಡಿ ಪಂಪು ಹಾಕಿದರೆ ನೀರು ಧಾರಾಳವಾಗಿ ಬರುತ್ತದೆ. ಆದರೆ ವೇಗ ಏರಿ ದೋಣಿ ನೀರಿನ ಮೇಲೆ ಜಾರತೊಡಗಿದಾಗ ಚಿತ್ರವೇ ಬದಲಾಗುತ್ತದೆ. ತಳದ ಕೆಳಗೆ ಹರಿದು ಬಂದ ನೀರು ಹಿಂದಿನ ಅಂಚಿನಲ್ಲಿ ತಿರುಗಿ ಮೇಲೇರುವುದಿಲ್ಲ, ಕತ್ತರಿಸಿದಂತೆ ನೇರ ಹಿಂದಕ್ಕೆ ಹೋಗಿಬಿಡುತ್ತದೆ. ಹಿಂಗೋಡೆ ಪೂರ್ತಿ ಗಾಳಿಯಲ್ಲಿ! ನಿಂತಾಗ ಒಂದು ಗೇಣು ನೀರಿನಡಿ ಇದ್ದ ತೂತು ಈಗ ಒಣಗಿ ಗಾಳಿ ಎಳೆಯುತ್ತಿರುತ್ತದೆ. ನಿಂತ ದೋಣಿಯೂ ಓಡುವ ದೋಣಿಯೂ ಪಂಪಿನ ಮಟ್ಟಿಗೆ ಎರಡು ಬೇರೆ ಬೇರೆ ದೋಣಿಗಳು. ಜಾಗ ಹುಡುಕುವುದೆಂದರೆ ಎರಡಕ್ಕೂ ಒಪ್ಪುವ ಜಾಗ ಹುಡುಕುವುದು.

ಅದಕ್ಕಾಗಿಯೇ ಪಿಕಪ್ ಎಂಬ ಸಣ್ಣ ಬಾಯಿ ಹುಟ್ಟಿಕೊಂಡಿತು. ಹಿಂಗೋಡೆಗೆ ಅಂಟಿಕೊಂಡು, ತಳದ ಅಂಚಿಗಿಂತ ಒಂದಿಷ್ಟೇ ಕೆಳಗೆ ಇಣುಕಿ, ಮುಂದಕ್ಕೆ ಬಾಯಿ ತೆರೆದಿರುತ್ತದೆ. ಹರಿದು ಬರುವ ನೀರು ಆ ಬಾಯಿಗೆ ಬಡಿದು ನಿಂತಾಗ ಅದರ ವೇಗ ಒತ್ತಡವಾಗಿ ಮಾರ್ಪಡುತ್ತದೆ. ಲೆಕ್ಕ ಸರಳ: ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿ ಅರ್ಧ ಮಾಡಿದರೆ ಒತ್ತಡ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಈ ಒತ್ತಡ ನೀರನ್ನು ಸುಮಾರು 1.25 ಮೀಟರ್ ಎತ್ತಬಲ್ಲದು. ವೇಗ ಇಮ್ಮಡಿಯಾಗಿ 36 ಕಿ.ಮೀ. ಆದರೆ ಒತ್ತಡ ನಾಲ್ಕು ಪಟ್ಟಾಗಿ, ಎತ್ತರ 5 ಮೀಟರಿಗೆ ಏರುತ್ತದೆ. ಜರಡಿ, ಪೈಪುಗಳ ತಡೆಯಲ್ಲಿ ಒಂದಷ್ಟು ಕಳೆದರೂ ಮಂಡಿಯೆತ್ತರದ ತೊಟ್ಟಿ ತುಂಬಲು ಬೇಕಾದಷ್ಟು ಉಳಿಯುತ್ತದೆ. ಪಂಪು ಆರಿಸಿದ್ದರೂ ನೀರು ಏರುತ್ತಲೇ ಇರುತ್ತದೆ, ಏಕೆಂದರೆ ಇಂಥ ಪಂಪಿನ ಒಳಚಕ್ರ ಬಾಗಿಲಲ್ಲ, ನೀರನ್ನು ತಡೆಯುವುದಿಲ್ಲ. ಅದೇ ಬಾಯಿಯನ್ನು ಹಿಂದುಮುಂದಾಗಿ ಕೂರಿಸಿದರೆ ಓಡುವ ನೀರು ಪೈಪಿನಲ್ಲಿದ್ದುದನ್ನೂ ಹೀರಿ ಹೊರಹಾಕುತ್ತದೆ.

ಇನ್ನು ಗುಳ್ಳೆಗಳ ವಿಷಯ. ರಿವೆಟ್ ಬಡಿದ ದೋಣಿಯ ತಳ ನುಣುಪಾಗಿರುವುದಿಲ್ಲ. ರಿವೆಟ್ ತಲೆಗಳ ಸಾಲು, ಉದ್ದಕ್ಕೂ ಓಡುವ ಏಣುಗಳು, ನಡುವಿನ ಬೆನ್ನೆಲುಬು, ಇವೆಲ್ಲ ಗಾಳಿ ಬೆರೆತ ನೀರಿನ ಪಟ್ಟೆಗಳನ್ನು ಹಿಂದಕ್ಕೆ ಹರಿಸುತ್ತವೆ. ಆ ಪಟ್ಟೆಯ ದಾರಿಯಲ್ಲಿ ಪಿಕಪ್ ಇದ್ದರೆ ಪಂಪು ಗಾಳಿ ಹಿಡಿಯುತ್ತದೆ. ಗಾಳಿ ಹಿಡಿದ ಪಂಪು ಏಕೆ ಸುಮ್ಮನೆ ಗಿರ್ರೆನ್ನುತ್ತದೆ? ಅದು ತನ್ನೊಳಗಿನ ದ್ರವವನ್ನು ಸುತ್ತಿಸಿ, ಹೊರಕ್ಕೆ ಎಸೆದು ಒತ್ತಡ ಹುಟ್ಟಿಸುವ ಯಂತ್ರ. ಒಳಗಿರುವುದು ಎಷ್ಟು ಭಾರವೋ ಅಷ್ಟು ಒತ್ತಡ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ನೀರನ್ನು 3 ಮೀಟರ್ ಎತ್ತುವ ಪಂಪು, ಗಾಳಿ ತುಂಬಿಕೊಂಡಾಗ ಅಷ್ಟೇ ವೇಗದಲ್ಲಿ ತಿರುಗಿಯೂ 4 ಮಿಲಿಮೀಟರ್ ನೀರನ್ನೂ ಎತ್ತಲಾರದು. ಹಾಗಾಗಿ ಪಂಪನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಬೇಕು, ನೀರು ತಾನಾಗಿ ಒಳಗೆ ತುಂಬಿಕೊಳ್ಳಲಿ. ಪೈಪು ನಡುವೆ ಎಲ್ಲೂ ಡುಬ್ಬ ಎದ್ದು ಮತ್ತೆ ಇಳಿಯಬಾರದು. ಗಾಳಿ ಕೂರುವುದೇ ಆ ಡುಬ್ಬದಲ್ಲಿ.

ಪಿಕಪ್ ತಾನೂ ಗುಳ್ಳೆ ಎಬ್ಬಿಸುತ್ತದೆ. ಮೋಟಾರಿನ ರೆಕ್ಕೆಗಳ ನೇರ ಮುಂದೆಯೋ, ಆಳ ಅಳೆಯುವ ಸೋನಾರ್‌ಗೆ ಅಂಟಿಕೊಂಡೋ ಇಟ್ಟರೆ ಅವೆರಡರ ಕೆಲಸವೂ ಕೆಡುತ್ತದೆ.

ಜಾಗ ಸಿಕ್ಕಿತು ಎನ್ನೋಣ. ಅಂಗಡಿಯಲ್ಲಿ ಗಟ್ಟಿಮುಟ್ಟಾದ ಹಿತ್ತಾಳೆ ಅಥವಾ ಕಂಚಿನ ಪಿಕಪ್ ಕಾಣುತ್ತದೆ, ಪಕ್ಕದಲ್ಲಿ ಪ್ಲಾಸ್ಟಿಕ್ಕಿನದು. ಕೈ ಹಿತ್ತಾಳೆಯ ಕಡೆಗೇ ಹೋಗುತ್ತದೆ. ದಯವಿಟ್ಟು ಹೋಗಬಾರದು. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳುಗಳಿಂದ ರಕ್ಷಣೆಗೆಂದು. ಎರಡು ವರ್ಷದಲ್ಲಿ ತಗಡು ಹಿಡಿದಿಟ್ಟಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಆದರೆ ತಗಡು ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದುಕೊಂಡಿತ್ತೋ ಅಲ್ಲಿನ ಮೊಳೆಗಳು ಗಟ್ಟಿಯಾಗಿದ್ದವು. ಒಂದು ಕಾಗದದ ಚೂರು! ಎರಡು ಬೇರೆ ಲೋಹ ಒಂದನ್ನೊಂದು ಮುಟ್ಟಿಕೊಂಡು ನೀರಿನಲ್ಲಿದ್ದರೆ ಅದೊಂದು ಬ್ಯಾಟರಿ. ಕೆಳದರ್ಜೆಯ ಲೋಹ ಕರಗಿ ವಿದ್ಯುತ್ತಿನ ಬೆಲೆ ತೆರುತ್ತದೆ. ಹಿತ್ತಾಳೆಯ ಎದುರು ಅಲ್ಯೂಮಿನಿಯಮ್ಮೇ ಕರಗುವ ಪಕ್ಷ. ಎಂದಿನ ದಿನಗಳಲ್ಲಿ ಅದನ್ನು ಕಾಯುವ ಆಕ್ಸೈಡ್ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪದ್ದು, ಉಪ್ಪುನೀರಿನಲ್ಲಿ ಅದು ಅಲ್ಲಲ್ಲಿ ಹರಿಯುತ್ತದೆ. ಹಿತ್ತಾಳೆಯ ಸುತ್ತ ಬಿಳಿ ಪುಡಿ ಉಂಗುರ ಕಟ್ಟಿದ್ದನ್ನು ಕಂಡರೆ ಕೆಲಸ ಆಗಲೇ ಶುರುವಾಗಿದೆ ಎಂದು ತಿಳಿಯಬೇಕು.

ಅಲಾರ್ಮ್ ಹಡಗಿನ ಕಾಗದದ ಕೆಲಸವನ್ನು ಇಂದು ನೈಲಾನ್ ಪಿಕಪ್ ಮಾಡುತ್ತದೆ. ಸ್ಟೀಲ್ ಕೂಡ ಬೇರೆ ಲೋಹವೇ, ಹಾಗಾಗಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ದೋಣಿಗೆಂದೇ ತಯಾರಾದ, ನೀರು ತಡೆಯುವ ಅಂಟಾದ ಸೀಲಂಟ್‌ನಲ್ಲಿ ಅದ್ದಿ ತಿರುಗಿಸಬೇಕು. ಹಚ್ಚುವಾಗ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು, ಲೋಹಕ್ಕೆ ಒಳ್ಳೆಯದಲ್ಲ.

ತೂತಿನ ಒಳಬದಿಗೆ ಮುಚ್ಚಿಡಬಲ್ಲ ವಾಲ್ವ್ ಇರಲೇಬೇಕು. 25 ಮಿಲಿಮೀಟರ್ ತೂತು, ಅದರ ಮೇಲೆ 15 ಸೆಂಟಿಮೀಟರ್ ನೀರು. ಪೈಪು ಕಳಚಿದರೆ ನಿಮಿಷಕ್ಕೆ ಸುಮಾರು 30 ಲೀಟರ್ ಒಳನುಗ್ಗುತ್ತದೆ. ದೋಣಿ ತಗ್ಗಿದಷ್ಟೂ ತೂತು ಆಳಕ್ಕಿಳಿದು ಆ ವೇಗ ಇನ್ನೂ ಹೆಚ್ಚುತ್ತದೆ.

ಕೊರೆಯುವ ಮೊದಲು ಒಂದು ಪರೀಕ್ಷೆ ಸಾಧ್ಯ. ಪಿಕಪ್ಪನ್ನು ಒಂದು ಹಲಗೆಗೆ ಬಿಗಿದು, ಹಲಗೆಯನ್ನು ಕ್ಲಾಂಪ್‌ನಿಂದ ಹಿಂಗೋಡೆಗೆ ಭದ್ರವಾಗಿ ಕಚ್ಚಿಸಿ, ಪಾರದರ್ಶಕ ಪೈಪು ಸಿಕ್ಕಿಸಿ, ದೋಣಿ ಓಡಿಸಿ ನೋಡುವುದು. ಪೈಪಿನ ಮೇಲೆ ಕಣ್ಣಿಡಲು ಇನ್ನೊಬ್ಬರು ಜೊತೆಗಿರಲಿ. ನಿಧಾನ, ವೇಗ, ತಿರುವು, ಮೂರರಲ್ಲೂ ಪೈಪಿನೊಳಗಿನ ನೀರು ಗಾಜಿನಂತೆ ತಿಳಿಯಾಗಿದ್ದರೆ ಜಾಗ ಅದೇ. ಹಾಲಿನಂತೆ ಬೆಳ್ಳಗಾದರೆ ಹಲಗೆಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಮತ್ತೆ ಓಡಿಸಬೇಕು. ಕೊನೆಗೆ ಗುರುತು ಹಾಕುವಾಗ ಮಾರ್ಕರ್ ಪೆನ್ನು ಬಳಸಿ, ಪೆನ್ಸಿಲ್ ಬೇಡ. ಪೆನ್ಸಿಲಿನ ಗ್ರಾಫೈಟ್ ಕೂಡ ಅಲ್ಯೂಮಿನಿಯಮ್ಮಿನ ಎದುರು ಹಿತ್ತಾಳೆಯಂತೆಯೇ ವರ್ತಿಸುತ್ತದೆ. ಎಳೆದ ಗೆರೆಯ ಗುಂಟವೇ ತಗಡು ಸವೆಯತೊಡಗಬಹುದು. ವಿಮಾನದ ತಗಡಿನ ಮೇಲೂ ಪೆನ್ಸಿಲ್ ಆಡಿಸಬಾರದೆಂಬ ನಿಯಮ ಇರುವುದು ಇದಕ್ಕಾಗಿಯೇ.