ಕ್ಯಾನ್ಸರ್ ಚಿಕಿತ್ಸೆಯ ನಂತರ ಕೈ ಬಾತುಕೊಂಡರೆ: ಲಿಂಫೆಡೀಮಾ ಟಿಪ್ಪಣಿ

ಲಿಂಫೆಡೀಮಾ ಎಂದರೆ ದುಗ್ಧರಸ (ಲಿಂಫ್) ಸರಿಯಾಗಿ ಹರಿಯದೆ ನಿಂತು ಬರುವ ಊತ. ಅದರ ಪಾಠ ಓದುವಾಗ ನನಗೆ ಮೊದಲು ನೆನಪಾದದ್ದು ನಮ್ಮ ದೊಡ್ಡಮ್ಮ. ಬದಿಯಡ್ಕದ ಹತ್ತಿರ ಅವರ ಮನೆ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ಒಂದು ವರ್ಷ ಆಗಿತ್ತು. ಎಡಗೈಯ ಬಳೆ ಬಿಗಿಯಾಗ್ತಿದೆ ಎಂದು ಅವರು ಹೇಳಿದಾಗ, "ಅಡಿಕೆ ಸುಲಿದು ಸುಲಿದು ಹಾಗಾಗಿರಬೇಕು" ಎಂದು ನಾವೇ ಸುಮ್ಮನಾಗಿಸಿದೆವು. ಪಕ್ಕದ ಮನೆಯವರು ಆನೆಕಾಲು ರೋಗ ಕೈಗೂ ಬರ್ತದೆ ಅಂದರು. ವೈದ್ಯರ ಹತ್ತಿರ ಹೋಗುವಷ್ಟರಲ್ಲಿ ಎಂಟು ತಿಂಗಳು ಕಳೆದು ಚರ್ಮ ಗಟ್ಟಿಯಾಗಿತ್ತು. ಆಪರೇಷನ್‌ಗೆ ಮೊದಲು ಅವರ ಕೈಯನ್ನು ಯಾರೂ ಅಳೆದಿರಲಿಲ್ಲ. ಅದಕ್ಕೇ ಈ ಟಿಪ್ಪಣಿಯಲ್ಲಿ ಅಳತೆಯ ಭಾಗ ಜಾಸ್ತಿ ಇದೆ.

ಆಗುವುದೇನು? ರಕ್ತನಾಳಗಳಿಂದ ಹೊರಬಂದ ದ್ರವದ ಒಂದು ಪಾಲು, ಪ್ರೋಟೀನ್ ಸಮೇತ, ದುಗ್ಧರಸ ನಾಳಗಳ ಮೂಲಕ ವಾಪಸ್ ಹೋಗಬೇಕು. ಅಡಿಕೆ ತೋಟದ ಕಣಿಯನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಕಣಿ ಮುಚ್ಚಿದರೆ ನೀರು ಬುಡದಲ್ಲೇ ನಿಲ್ತದೆ, ಅಲ್ವಾ? ಈ ನಾಳಗಳ ದಾರಿಯಲ್ಲಿರುವ ಕಂಕುಳಿನ ಗ್ರಂಥಿಗಳನ್ನು ಕ್ಯಾನ್ಸರ್ ಆಪರೇಷನ್‌ನಲ್ಲಿ ತೆಗೆದಾಗ, ಅಥವಾ ರೇಡಿಯೇಷನ್‌ನಿಂದ ಅಲ್ಲಿ ಗಾಯದ ಅಂಗಾಂಶ ಬೆಳೆದಾಗ, ಕೈಯಲ್ಲೂ ಹಾಗೇ. ನೀರಿನ ಜೊತೆ ಪ್ರೋಟೀನೂ ನಿಲ್ಲುವುದರಿಂದ ಊತ ನಿಧಾನಕ್ಕೆ ಗಟ್ಟಿಯಾಗ್ತದೆ, ಕೊಬ್ಬೂ ಸೇರಿಕೊಳ್ತದೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇಲ್ಲಿ ಉಪಯೋಗಕ್ಕೆ ಬರದಿರುವುದು ಇದೇ ಕಾರಣಕ್ಕೆ: ನೀರು ಹೋದರೂ ಪ್ರೋಟೀನ್ ಉಳಿಯುತ್ತದೆ. ಆನೆಕಾಲಿನಲ್ಲಿ ಸೊಳ್ಳೆಯಿಂದ ಬಂದ ಹುಳ ಈ ನಾಳಗಳನ್ನು ಕೆಡಿಸುತ್ತದೆ. ಕಾರಣ ಬೇರೆ, ಕೆಟ್ಟ ದಾರಿ ಒಂದೇ. ಕ್ಯಾನ್ಸರ್ ನಂತರದ ಊತ ಸೊಳ್ಳೆಯಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇದನ್ನು ಮನೆಯವರಿಗೆ ಬಿಡಿಸಿ ಹೇಳಿ.

ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ದುಗ್ಧರಸ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದವರಲ್ಲಿ ನೂರಕ್ಕೆ ಐದಾರು ಮಂದಿಗೆ. ಕಂಕುಳಿಗೆ ರೇಡಿಯೇಷನ್, ಜಾಸ್ತಿ ತೂಕ, ಕೈಗೆ ಸೋಂಕು, ಇವು ಅಪಾಯ ಹೆಚ್ಚಿಸುತ್ತವೆ. ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷದಲ್ಲೇ ಕಾಣಿಸಿಕೊಂಡರೂ, ಹತ್ತು ವರ್ಷದ ನಂತರ ಬಂದವರೂ ಇದ್ದಾರೆ. ಗರ್ಭಕೋಶ, ಪ್ರಾಸ್ಟೇಟ್ ಕ್ಯಾನ್ಸರ್‌ನ ಚಿಕಿತ್ಸೆಯ ನಂತರ ಕಾಲಿಗೂ ಬರಬಹುದು.

ಈಗ ಅಳತೆ. ಟೇಪು ಸಾಕು. ಕೈಯನ್ನು ಮೇಜಿನ ಮೇಲೆ ಚಾಚಿ. ಮಣಿಕಟ್ಟಿನ ಮೂಳೆಯ ಉಬ್ಬಿನಿಂದ ಮೇಲಕ್ಕೆ ಪ್ರತಿ 4 ಸೆಂ.ಮೀ.ಗೆ ಗುರುತು ಹಾಕಿ ಸುತ್ತಳತೆ ತೆಗೆಯಿರಿ. ಟೇಪು ಚರ್ಮವನ್ನು ಮುಟ್ಟಬೇಕು, ಒತ್ತಬಾರದು. ಎರಡೂ ಕೈ ಅಳೆಯಲೇಬೇಕು. ತೂಕ ಏರಿದರೆ ಎರಡೂ ಕೈ ದಪ್ಪಗಾಗುತ್ತವೆ, ಒಂದನ್ನೇ ಅಳೆದರೆ ಮೋಸ ಹೋಗುತ್ತೇವೆ. ಗಾತ್ರ ಬೇಕಾದರೆ ಎರಡು ಗುರುತುಗಳ ನಡುವಿನ ಪ್ರತಿ ತುಂಡಿಗೆ ಹೀಗೆ: ಎರಡು ಸುತ್ತಳತೆಗಳ ವರ್ಗಗಳಿಗೆ ಅವೆರಡರ ಗುಣಲಬ್ಧ ಕೂಡಿಸಿ, 4ರಿಂದ ಗುಣಿಸಿ, 37.7ರಿಂದ ಭಾಗಿಸಿ. 16 ಮತ್ತು 18 ಸೆಂ.ಮೀ. ಇದ್ದರೆ 256, 324, 288 ಸೇರಿ 868. ಉತ್ತರ ಸುಮಾರು 92 ಮಿ.ಲೀ.

ಎರಡು ಕೈಗಳ ನಡುವೆ 2 ಸೆಂ.ಮೀ., ಅಥವಾ 200 ಮಿ.ಲೀ., ಅಥವಾ ಶೇ. 10 ವ್ಯತ್ಯಾಸ ಇದ್ದರೆ ಲಿಂಫೆಡೀಮಾ ಎನ್ನುವುದು ರೂಢಿ. ಆದರೆ ಬಲಗೈ ಬಳಸುವವರಿಗೆ ಬಲಗೈ ಮೊದಲೇ ಸ್ವಲ್ಪ ದಪ್ಪ ಇರುತ್ತದೆ. ಆಪರೇಷನ್‌ಗೆ ಮುಂಚಿನ ಅಳತೆ ಇಲ್ಲದಿದ್ದರೆ ಶೇ. 5ರ ಸಣ್ಣ ಏರಿಕೆ ಗೊತ್ತೇ ಆಗುವುದಿಲ್ಲ. ಹಿಡಿಯಬೇಕಾದದ್ದು ಅದನ್ನೇ. ಆ ಹಂತದಲ್ಲೇ ನಾಲ್ಕು ವಾರ ಒತ್ತಡದ ತೋಳುಚೀಲ (ಕೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ತೋಳಿನ ಉಡುಪು) ತೊಟ್ಟವರಲ್ಲಿ ಊತ ಮುಂದುವರಿಯುವುದು ಕಡಿಮೆಯಾಗಿದ್ದನ್ನು ಅಧ್ಯಯನಗಳು ತೋರಿಸಿವೆ. ಮೊದಲ ವರ್ಷಗಳಲ್ಲಿ ಮೂರು ತಿಂಗಳಿಗೊಮ್ಮೆ ಅಳೆಯುವುದು ಒಳ್ಳೆಯದು. "ಕೈ ಭಾರ ಅನ್ನಿಸ್ತದಾ? ರವಿಕೆಯ ತೋಳು ಬಿಗಿಯಾ?" ಎಂದೂ ಕೇಳಿ. ಕಣ್ಣಿಗೆ ಊತ ಕಾಣದ ಹಂತಕ್ಕೆ 0 ಎನ್ನುತ್ತಾರೆ. ಕೈ ಎತ್ತಿಟ್ಟರೆ ಇಳಿಯುವುದು 1, ಎತ್ತಿಟ್ಟರೂ ಇಳಿಯದೆ ಗಟ್ಟಿಯಾಗುತ್ತಾ ಹೋಗುವುದು 2, ಚರ್ಮ ಒರಟಾಗಿ ಮಡಿಕೆ ಬೀಳುವುದು 3.

ಊತ ಬಂದ ಮೇಲೆ ಮೊದಲು ತೀವ್ರ ಹಂತ: ತರಬೇತಾದವರ ಹಗುರ ಮಸಾಜು, ಪದರ ಪದರವಾಗಿ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ. ಊತ ಇಳಿದ ಮೇಲೆ ಅಳತೆಗೆ ಸರಿಯಾದ ತೋಳುಚೀಲ, ದಿನವೂ. ಮಸಾಜು ಎಂದರೆ ಎಣ್ಣೆ ಹಾಕಿ ಜೋರಾಗಿ ತಿಕ್ಕುವುದಲ್ಲ. ಚರ್ಮವನ್ನು ಮೆಲ್ಲಗೆ ಸರಿಸುವುದಷ್ಟೆ.

"ಆ ಕೈಯಲ್ಲಿ ಕೊಡಪಾನ ಎತ್ತಬೇಡಿ" ಎಂಬ ಹಳೆಯ ಮಾತು ನನಗೆ ತುಂಬಾ ಬೇಸರ ತರಿಸುತ್ತದೆ. 2009ರಲ್ಲಿ ಅಮೆರಿಕದಲ್ಲಿ ಲಿಂಫೆಡೀಮಾ ಇದ್ದ 141 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ತರಬೇತಿಯೊಂದಿಗೆ ನಿಧಾನವಾಗಿ ಭಾರ ಏರಿಸಿದವರಿಗೆ ಊತ ಹೆಚ್ಚಲಿಲ್ಲ, ಶಕ್ತಿ ಹೆಚ್ಚಿತು. ಕೆಲಸ ಬಿಡಿಸಬೇಡಿ, ಮೆಲ್ಲಗೆ ಏರಿಸಲು ಹೇಳಿ. ತೋಟಕ್ಕೆ ಹೋಗುವಾಗ ಗ್ಲೌಸ್ ಹಾಕಲಿ. ಅಡಿಕೆ ಸುಲಿಯುವಾಗ ಗಾಯವಾದರೆ ತಕ್ಷಣ ಸಾಬೂನಿನಿಂದ ತೊಳೆಯಲಿ.

ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು. ಮಸಾಜು ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದಿಢೀರನೆ ನೋವಿನಿಂದ ಊದಿಕೊಂಡರೆ ರಕ್ತ ಹೆಪ್ಪುಗಟ್ಟಿದೆಯೇ, ಕ್ಯಾನ್ಸರ್ ಮರಳಿದೆಯೇ ಎಂದು ಮೊದಲು ನೋಡಿಸಬೇಕು.

ನಮ್ಮ ಕಾಸರಗೋಡಿಗೆ ಒಂದು ಅನುಕೂಲ ಇದೆ. ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆಧುನಿಕ ವೈದ್ಯ, ಆಯುರ್ವೇದ, ಯೋಗ ಸೇರಿಸಿ ಇಂಥ ಊತಕ್ಕೆ ಚಿಕಿತ್ಸೆ ಕೊಡುತ್ತಾರೆ. ಕೇರಳದಲ್ಲಿ 2008ರಿಂದ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ತೊಂದರೆ ತಗ್ಗಿಸುವ ಆರೈಕೆ) ನೀತಿ ಇದೆ, ಪಂಚಾಯತಿನ ನರ್ಸ್ ಮನೆಗೇ ಬರುತ್ತಾರೆ. ಅವರ ಚೀಲದಲ್ಲೂ ಒಂದು ಟೇಪು ಇರಲಿ. ಕ್ಯಾನ್ಸರ್ ಚಿಕಿತ್ಸೆಗೆ ನಮ್ಮವರು ಮಂಗಳೂರಿಗೋ ತಲಶ್ಶೇರಿಗೋ ಹೋಗುತ್ತಾರೆ. ತಲಶ್ಶೇರಿಯಿಂದ ಬಂದವರ ಕೈಯಲ್ಲಿ ಮಲಯಾಳದ ಚೀಟಿ ಇದ್ದರೆ, ಮನೆಯಲ್ಲಿ ಕನ್ನಡ ಮಾತ್ರ ಓದುವ ದೊಡ್ಡಮ್ಮಂದಿರಿಗೆ ಅದು ತಿಳಿಯುವುದಿಲ್ಲ. ನಾನು ದೊಡ್ಡಮ್ಮನ ಅಳತೆಗಳನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೇನೆ. ಮುಂದಿನ ಅಳತೆಯ ದಿನಕ್ಕೆ ಕೆಂಪು ಗುರುತು ಹಾಕಿದ್ದು ಅವರೇ.